ಹಲಸು ಇಳಿಸಿದ ದಿನ

ಆನೆಯ ವಿಷಯ ಬರೆಯಲು ನನಗಿಂತ ಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ. ಮೂರ್ನಾಡಿನ ಸಂಜೆ ತರಗತಿಯಲ್ಲಿ ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವ ನಾನು ಬಾಯಿ ಹಾಕುವುದು ಅಧಿಕಪ್ರಸಂಗ, ಕ್ಷಮಿಸಬೇಕು. ಆದರೂ ಹೇಳದೆ ಇರಲಾರೆ.

ಟೀಚರ್ ಶ್ರೀಲಕ್ಷ್ಮಿ ಎರಡು ಪದ ಕೊಟ್ಟಿದ್ದರು. ಶ್ರಮ, ಸಮಯ ಪೋಲಾಗದಂತೆ ಮಾಡಿದ್ದು ‘ಎಫಿಶಿಯೆಂಟ್’. ಎಷ್ಟೇ ಹೆಣಗಾಡಿದರೂ ಸರಿ, ಬೇಕಾದ ಫಲ ಕೊಟ್ಟಿದ್ದು ‘ಎಫೆಕ್ಟಿವ್’. “ನಿಮ್ಮ ಕೆಲಸದಿಂದಲೇ ಒಂದು ವಾಕ್ಯ ತನ್ನಿ” ಎಂದಿದ್ದರು.

ಮರುದಿನ ನಾನು ಕೆಲಸ ಮಾಡುವ ಕಾಫಿ ತೋಟಕ್ಕೆ ಹೋದರೆ, ಆಳುಗಳ ಲೈನ್‌ಮನೆಗಳ ಮುಂದೆ, ನನ್ನ ಜೊತೆ ಕೆಲಸ ಮಾಡುವ ದೊಡ್ಡಿಯಕ್ಕ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಒಂಟಿ ಸಲಗವೊಂದು ಹಿತ್ತಲಿನ ಹಲಸಿನ ಹಣ್ಣಿಗೆ ಬಂದು ಅವಳ ಅಡುಗೆಮನೆ ಗೋಡೆಗೆ ಒರಗಿತ್ತು. ಗೋಡೆ ಬಿರುಕು ಬಿಟ್ಟಿತ್ತು. ಇನ್ನೊಮ್ಮೆ ಒರಗಿದರೆ ಮನೆ ಉಳಿಯುವುದಿಲ್ಲ.

“ಒಂದು ಪಟಾಕಿ ಸಾಕಕ್ಕ, ಓಡುತ್ತೆ” ಎಂದ ತೋಟದ ಲೆಕ್ಕ ಬರೆಯುವ ರೈಟರ್ ಮಹೇಶ್.

“ಓಡುತ್ತೆ! ನೆನ್ನೆನೂ ಓಡಿತು. ನೀನು ಹೋಗಿ ಮಲಗಿದ ಮೇಲೆ ವಾಪಸ್ ಬಂತು!”

ಕಡ್ಡಿ ಗೀರುವಷ್ಟೇ ಕೆಲಸ, ಫಲ ಮಾತ್ರ ಇಲ್ಲ! ಟೀಚರ್ ಕೊಟ್ಟ ಎರಡು ಪದ ಥಟ್ಟನೆ ನೆನಪಾದವು. “ಹಣ್ಣನ್ನೇ ಇಳಿಸಿಬಿಡೋಣ!” ಎಂದು ಕೂಗಿಬಿಟ್ಟೆ.

“ಇಡೀ ಮರವಾ? ಕಾಫಿ ಬಿಟ್ಟು ಹಲಸಿನ ಪಿಕ್ಕಿಂಗಾ?” ಎಂದು ಮಹೇಶ್ ನಕ್ಕ.

ದೊಡ್ಡಿಯಕ್ಕನ ಗಂಡ ಕಾಳ ಮರ ಹತ್ತಿಯೇಬಿಟ್ಟ. ಕೆಳಗೆ ನಾವು ಗೋಣಿ ಹಿಡಿದು ನಿಂತೆವು. ಒಂದು ಹಣ್ಣು ಗೋಣಿ ಹರಿದು ಬಿದ್ದು ನನ್ನ ಸೀರೆಯೆಲ್ಲ ಅಂಟಾಯಿತು. ತೋಟದ ಜೀಪಿನಲ್ಲಿ ಹಣ್ಣು ಸಾಗಿಸಿ, ಮರದ ಬುಡಕ್ಕೆ ಸಗಣಿ ನೀರು ಎರಚಿ, ಹಣ್ಣಿನ ವಾಸನೆ ಹೋಯಿತೋ ಇಲ್ಲವೋ ಎಂದು ನಾನು ಮತ್ತೆ ಮತ್ತೆ ಮೂಸಿ ನೋಡಿದೆ.

“ಆನೆಗಿಂತ ಮುಂಚೆ ನೀನೇ ಮರ ತಿಂದುಬಿಡ್ತೀಯ!” ಎಂದಳು ದೊಡ್ಡಿಯಕ್ಕ.

ಮುಸ್ಸಂಜೆಗೆ ಸಲಗ ಬಂದೇಬಿಟ್ಟಿತು! ನಾವು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ದೊಡ್ಡಿಯಕ್ಕ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ಆನೆ ಸೊಂಡಿಲು ಎತ್ತಿ ಮರ ತಡಕಿತು. ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಅಷ್ಟರಲ್ಲಿ ಢಮಾರ್! ಮಹೇಶ್ ತಡೆಯಲಾರದೆ ಪಟಾಕಿ ಹಚ್ಚಿದ್ದ. ಬೆಚ್ಚಿ ಮತ್ತೆ ನೋಡುವಷ್ಟರಲ್ಲಿ ಆನೆ ಬೆನ್ನು ತಿರುಗಿಸಿ ಕಾಡಿನ ಕಡೆ ಹೋಗುತ್ತಿತ್ತು. ಮತ್ತೆ ಬರಲಿಲ್ಲ, ಗೋಡೆ ಉಳಿಯಿತು.

“ನನ್ನ ಪಟಾಕಿ!” ಎಂದ ಮಹೇಶ್.

“ಹಣ್ಣಿಲ್ಲದ ಮನೆ ಅಂತ ಬೈದುಕೊಂಡು ಹೋದ, ಬಿಡು” ಎಂದಳು ದೊಡ್ಡಿಯಕ್ಕ, ಅಳುತ್ತ, ನಗುತ್ತ.

ಹಲಸು ಇಳಿಸಿದ್ದು ಎಫೆಕ್ಟಿವ್ ಎಂದು ವಾಕ್ಯ ಬರೆದುಕೊಂಡು ಹೋದೆ. “ಸರಿಯಾಗಿದೆ” ಎಂದರು ಟೀಚರ್. ಆದರೆ ಆನೆ ಪಟಾಕಿಗೆ ಮೊದಲೇ ತಿರುಗಿತ್ತೇ, ಆಮೇಲೆಯೇ? ಅಲ್ಲೇ ನಿಂತು ನೋಡಿದವಳು ನಾನು. ನನಗೆ ಗೊತ್ತಿಲ್ಲ.