ಪರದೆ ಬೀಳುವಾಗಿನ ಧಾಟಿ

ನಮ್ಮ ಅಬ್ಬಾ ನಿಜಾಮಸಾಬ, ಒಂದು ನಾಟಕ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಪಿಟೀಲು ಬಾರಿಸಿದವರು. ಸವದತ್ತಿ, ಕಿತ್ತೂರು, ಬೈಲಹೊಂಗಲ, ಎಲ್ಲಿ ಕ್ಯಾಂಪು ಬಿದ್ದರೂ ಆಟ ಮುಗಿದು ಪರದೆ ಬೀಳುವಾಗ ತಾವೇ ಕಟ್ಟಿದ ಒಂದು ಧಾಟಿ ಬಾರಿಸುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಅದನ್ನು ನಾನು ಕೇಳಿದವಳಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಆಟಕ್ಕೆ ಹೋಗುವಂತಿರಲಿಲ್ಲ. ಮನೆಯಲ್ಲಿ ಅಬ್ಬಾ ಅದನ್ನು ಬಾರಿಸುತ್ತಲೂ ಇರಲಿಲ್ಲ. ಹಾಗೆ ಬಾರಿಸಿದರೆ ಮನೆಯ ಮೇಲೆಯೇ ಪರದೆ ಬೀಳುತ್ತದೆ ಎಂದು ಕಂಪನಿಯವರ ನಂಬಿಕೆ.

ಇನ್ನೊಂದು ಕಟ್ಟಳೆ ಅಬ್ಬಾನದೇ. ಪಿಟೀಲನ್ನಾಗಲಿ ಕಮಾನನ್ನಾಗಲಿ ನಾನು ಮುಟ್ಟಕೂಡದು. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಕಮಾನು ಕೈಗೆತ್ತಿಕೊಂಡಿದ್ದೆ. ಅದನ್ನೇ ಕಸಿದು ನನ್ನ ಬಲಗೈ ಬೆರಳುಗಳ ಮೇಲೆ ಹೊಡೆದು, ಗೋಡೆಯ ಮೊಳೆಗೆ ತೂಗುಹಾಕಿದರು. ಬೆಳಿಗ್ಗೆ ಶ್ರುತಿ ಮಾಡುವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಲಿಸಲು ಗಂಡುಮಗ ಇರಲಿಲ್ಲ, ಇದ್ದೊಬ್ಬ ಮಗಳಿಗೆ ಕಲಿಸಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕಂಪನಿ ಮುಚ್ಚಿ ಎಂಟು ವರ್ಷಕ್ಕೆ, ಎರಡು ಸಾವಿರದ ಎರಡರಲ್ಲಿ, ಅಬ್ಬಾನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ಹೋಗಿ 'ಆ' ಎಂಬ ಒಂದು ದನಿ ಉಳಿಯಿತು. ಎಡಗೈ ಮಾತ್ರ ಮೊದಲಿನ ಹಾಗೇ ಇತ್ತು. ಎರಡನೇ ತಿಂಗಳಲ್ಲಿ ಆ ಕೈ ಚಾಚಿ ಪಿಟೀಲು ಕೇಳಿದರು. ಅಮ್ಮಿ ಖತಿಜಾಬಿ ದಿಂಬು ಒತ್ತುಕೊಟ್ಟು ಅದನ್ನು ಅವರ ಎದೆಗೆ ಆನಿಸಿದಳು. ಅಬ್ಬಾ ಗೋಡೆಯ ಮೇಲಿದ್ದ ಕಂಪನಿಯ ಫೋಟೋ ತೋರಿಸಿದರು, ಅದರೊಳಗಿನ ಪರದೆ ತೋರಿಸಿದರು, ಆಮೇಲೆ ಬೆರಳುಗಳನ್ನು ತಂತಿಯ ಮೇಲೆ ಓಡಿಸಿದರು. ಕಮಾನು ಎಳೆಯುವ ಕೈ ಇಲ್ಲದೆ ಏನೂ ಕೇಳಿಸಲಿಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಸಾಯುವ ಮೊದಲು ಆ ಧಾಟಿಯನ್ನು ಅವರು ಇನ್ನೊಮ್ಮೆ ಕೇಳಬೇಕಾಗಿತ್ತು. ಅದನ್ನು ಬಲ್ಲ ಇನ್ನೊಬ್ಬ ವಾದಕ ಬದುಕಿರಲಿಲ್ಲ.

ಆಗ ನಾನು ನಮ್ಮೂರು ರಾಮದುರ್ಗದಲ್ಲಿ ಗೌರೀಶ ಸರ್ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಸಂಗೀತ ಬರೆಯುವ ಸಾಫ್ಟ್‌ವೇರ್ ಸಿಕ್ಕಿತು. ಕಂಪ್ಯೂಟರಿನ ಪರದೆಯ ಮೇಲೆ ಐದು ಗೆರೆ ಮೂಡುತ್ತವೆ, ಮೌಸಿನಿಂದ ಅವುಗಳ ಮೇಲೆ ಸ್ವರಗಳ ಚುಕ್ಕೆ ಇಡಬೇಕು. ಬೈಲಹೊಂಗಲದಲ್ಲಿ ಮಹಾಂತಪ್ಪ ಮಾಸ್ತರರಿದ್ದಾರೆ, ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಮೂವರಿಗೆ ಕಲಿಸುತ್ತಾರೆ, ಹಾಳೆಯಲ್ಲಿ ಬರೆದುಕೊಟ್ಟರೆ ಏನು ಬೇಕಾದರೂ ಬಾರಿಸುತ್ತಾರೆ ಎಂದು ಸರ್ ಹೇಳಿದರು. ಮೂರು ಪಿಟೀಲು, ಒಂದು ಚೆಲೋ, ಅಂದರೆ ನೆಲಕ್ಕೆ ನಿಲ್ಲಿಸಿ ಬಾರಿಸುವ ದೊಡ್ಡ ಪಿಟೀಲು. ನನಗೆ ಅಷ್ಟು ಸಾಕಾಯಿತು.

ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಸಾಫ್ಟ್‌ವೇರಿನ ಸಹಾಯದ ಪುಟಗಳನ್ನು ಓದಿದೆ. ಯಾವ ತಂತಿಯ ಮೇಲೆ ಯಾವ ಬೆರಳಿಟ್ಟರೆ ಯಾವ ಸ್ವರ ಎಂದು ಅಲ್ಲೊಂದು ಚಿತ್ರವಿತ್ತು. ಅದನ್ನು ಬಾಯಿಪಾಠ ಮಾಡಿದೆ. ಮುಂಜಾನೆ ಅಬ್ಬಾನ ಮುಂದೆ ಕುಳಿತು ಅವರ ಬೆರಳು ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು, ಮಧ್ಯಾಹ್ನ ಕ್ಲಾಸಿಗೆ ಹೋಗಿ ಚುಕ್ಕೆ ಇಡುವುದು. ಬೆರಳು ಜಾರಿದಲ್ಲಿ ಜಾರುಗೆರೆ ಎಳೆಯಲು ಕಲಿಯುವುದಕ್ಕೇ ಎರಡು ವಾರ ಹಿಡಿಯಿತು. ಆಮೇಲೆ ಉಳಿದ ವಾದ್ಯಗಳಿಗೆ ಜೊತೆಸ್ವರ ಹೊಂದಿಸಿದೆ. ಕರೆಂಟು ಹೋಗಿ ಬರೆದದ್ದೆಲ್ಲ ಅಳಿಸಿಹೋದ ದಿನಗಳೂ ಇದ್ದವು. ಬರೆದದ್ದನ್ನು ಕೇಳಿ ನೋಡುವ ಭಾಗ್ಯ ಮಾತ್ರ ನನಗಿರಲಿಲ್ಲ. ಹುಡುಗರು ಸಿನಿಮಾ ಹಾಡು ಹಾಕುತ್ತಾರೆಂದು ಸರ್ ಸ್ಪೀಕರುಗಳನ್ನು ಕಿತ್ತು ತಮ್ಮ ಮನೆಗೆ ಒಯ್ದಿದ್ದರು.

ಐದು ತಿಂಗಳಿಗೆ ಮೂವತ್ತೆರಡು ಸಾಲು ಮುಗಿದವು. ಒಂದು ಭಾನುವಾರ ಮಾಸ್ತರರು, ಶಿಷ್ಯರು ನಾಲ್ವರೂ ನಮ್ಮ ಮನೆಗೆ ಬಂದರು. ಮನೆಯೊಳಗೆ ಆ ಧಾಟಿ ಬೇಕೋ ಬೇಡವೋ ಎಂದು ನಾನು ಅನುಮಾನಿಸಿದಾಗ ಅಮ್ಮಿ, "ಬಾರಸ್ಲಿ ಬಿಡು. ಪರದೆ ಹೆಂಗೂ ಬೀಳಾಕತ್ತೈತಿ," ಎಂದಳು.

ಅವರು ಬಾರಿಸಿದರು. ಎರಡನೇ ಸಾಲಿಗೇ ಅಬ್ಬಾನ ಮುಖ ಸಣ್ಣಗಾಯಿತು. ನಾಲ್ಕನೇ ಸಾಲಿಗೆ ಎಡಗೈಯಿಂದ ಕಿವಿ ಮುಚ್ಚಿಕೊಂಡರು. ಮಾಸ್ತರರು ನಿಲ್ಲಿಸಿ, ಅಬ್ಬಾನ ಪಿಟೀಲಿನ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದರು. ಸಡಿಲಾಗಿದ್ದರೂ ಅವರಿಗೆ ಗೊತ್ತಾಯಿತು.

"ತಂಗಿ, ಇದು ಹಿಂದೂಸ್ತಾನಿ ಪದ್ಧತಿಯೊಳಗ ಶ್ರುತಿ ಮಾಡಿದ್ದು. ನೀ ನೋಡಿದ ಚಿತ್ರ ನಮ್ಮ ಇಂಗ್ಲಿಷ್ ಪಿಟೀಲಿಂದು. ಬೊಟ್ಟು ಬರೋಬರಿ ಬರದೀ, ತಂತಿಯ ಶ್ರುತಿ ಬ್ಯಾರೆ ಐತಿ, ಅದಕ್ಕ ಸ್ವರ ತಪ್ಪ್ಯಾವು."

ಅದೇ ಮನೆಯ ಮಗಳಾಗಿಯೂ ಅಬ್ಬಾನ ತಂತಿಗಳ ಶ್ರುತಿ ನನಗೆ ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡವರು ಅವರೇ. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಜೊತೆಸ್ವರವೆಲ್ಲ ತಪ್ಪಿನ ಮೇಲೆ ಕಟ್ಟಿದ್ದರಿಂದ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿತ್ತು. ಮಾಸ್ತರರು ಅಬ್ಬಾನ ತಂತಿಗಳ ಶ್ರುತಿಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟರು; ಬರೆದಾದ ಮೇಲೆ ಹೇಳಿಕಳಿಸು, ಬರುತ್ತೇವೆ ಎಂದು ಹೇಳಿ ಅವರು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಅಬ್ಬಾ ಎಡಗೈ ಎತ್ತಿ ಮೊಳೆಯ ಮೇಲಿನ ಕಮಾನು ತೋರಿಸಿದರು. ಆಮೇಲೆ ನನ್ನ ಬಲಗೈ ತೋರಿಸಿದರು. ಮತ್ತೆ ಕಮಾನು, ಮತ್ತೆ ನನ್ನ ಕೈ. ಒಂಬತ್ತನೇ ವರ್ಷದ ಏಟು ನನಗೆ ಥಟ್ಟನೆ ನೆನಪಾಯಿತು. ಹೆಣ್ಣು ಕೈ ಹಾಕಿದ್ದಕ್ಕೇ ಹೀಗಾಯಿತು ಎನ್ನುತ್ತಿದ್ದಾರೆ ಎಂದುಕೊಂಡೆ.

"ನಾ ಮುಟ್ಟಂಗಿಲ್ಲ ಬಿಡ್ರಿ ಅಬ್ಬಾ. ಅವತ್ತಿನಿಂದ ಮುಟ್ಟಿಲ್ಲ, ಇನ್ನೂ ಮುಟ್ಟಂಗಿಲ್ಲ."

ಅಮ್ಮಿಗೆ ಹೇಳಿ ಕಮಾನನ್ನು ಟ್ರಂಕಿನೊಳಗೆ ಇಡಿಸಿದೆ. ಅಬ್ಬಾ ಒಮ್ಮೆ 'ಆ' ಎಂದು ಗೋಡೆಯ ಕಡೆ ಹೊರಳಿದರು. ಮತ್ತೆ ಪಿಟೀಲು ಕೇಳಲಿಲ್ಲ.

ನಾನು ಹಗಲೆಲ್ಲ ಕ್ಲಾಸಿನಲ್ಲೇ ಉಳಿದೆ. ಸರ್ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಮತ್ತೆಲ್ಲ ಮಾಡಿ ಸ್ಪೀಕರುಗಳನ್ನು ತರಿಸಿದೆ. ಆರನೇ ದಿನ ಹತ್ತೊಂಬತ್ತನೇ ಸಾಲು ಬರೆಯುತ್ತಿದ್ದಾಗ ಪಕ್ಕದ ಮನೆಯ ರಾಯವ್ವ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಅಬ್ಬಾ ಹೋಗಿದ್ದರು.

ಎರಡು ತಿಂಗಳ ಮೇಲೆ ಉಳಿದ ಸಾಲುಗಳನ್ನೂ ಮುಗಿಸಿ ಹಾಳೆಗಳನ್ನು ಬೈಲಹೊಂಗಲಕ್ಕೆ ಒಯ್ದೆ. ಬಿಡಲಾಗಲಿಲ್ಲ ಅಷ್ಟೆ. ಮಾಸ್ತರರ ಮನೆಯಲ್ಲಿ ನಾಲ್ವರೂ ಕುಳಿತು ಬಾರಿಸಿದರು. ಈ ಸಲ ಎದೆ ಹಿಂಡುವ ಹಾಗೆ ಬಂತು. ಇದೇ ಆ ಧಾಟಿ ಹೌದೋ ಅಲ್ಲವೋ ಹೇಳಬಲ್ಲವರು ಮಾತ್ರ ಉಳಿದಿರಲಿಲ್ಲ.

ಜಾರುಗೆರೆ ಬಂದಲ್ಲಿ ಅನ್ನಪೂರ್ಣಾ ಎಡವಿದರು. ಅವರು ಸಂಪಗಾಂವ ಶಾಲೆಯ ಟೀಚರು, ಮಾಸ್ತರರ ಮೂವರು ಶಿಷ್ಯರಲ್ಲಿ ಹೊಸಬರು. ಮಾಸ್ತರರು ತಮ್ಮ ಪಿಟೀಲು ಕೆಳಗಿಟ್ಟು ಅವರ ಪಕ್ಕಕ್ಕೆ ಹೋದರು, ಅವರ ಪಿಟೀಲಿನ ತಂತಿಯ ಮೇಲೆ ತಮ್ಮ ಬೆರಳಿಟ್ಟರು.

"ಬೊಟ್ಟು ನಾ ಇಡತೇನಿ. ನೀವು ಕಮಾನ ಅಷ್ಟ ಎಳೀರಿ."

ಒಬ್ಬರ ಬೆರಳು, ಇನ್ನೊಬ್ಬರ ಕಮಾನು. ಧಾಟಿ ತಡೆಯಿಲ್ಲದೆ ಹರಿಯಿತು. ಅಬ್ಬಾ ಅಂದು ಕೇಳಿದ್ದ ನನ್ನ ಬಲಗೈಯನ್ನು ನಾನು ಸೆರಗಿನೊಳಗೆ ಮುಚ್ಚಿಕೊಂಡೆ. ಅಬ್ಬಾನ ಹಾಸಿಗೆಯಿಂದ ಕಮಾನು ತೂಗುತ್ತಿದ್ದ ಆ ಮೊಳೆಗೆ ಮೂರು ಹೆಜ್ಜೆಯೂ ಇರಲಿಲ್ಲ.