ಮದ್ದಿಲ್ಲದ ತೋಟಾ

ಐವತ್ತು ಸೀಸೆಗಳಲ್ಲಿ ಒಂದು ತುಂಬಿಯೇ ಇತ್ತು.

ಕೋವಿ ಒರೆಸುವ ಬಟ್ಟೆಗೆಂದು ಪೆಟ್ಟಿಗೆ ತೆರೆದವನು ಅದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಕರಿಮದ್ದನ್ನು ಮೊದಲೇ ತೂಗಿ ಬೆರಳುದ್ದದ ಸೀಸೆಗಳಲ್ಲಿ ಇಟ್ಟುಕೊಳ್ಳುವುದು ನನ್ನ ಕ್ರಮ. ಒಂದು ಸೀಸೆ ತೋಟಾದ ಒಂದು ಹಿತ್ತಾಳೆ ಚಿಪ್ಪಿಗೆ, ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಗುರುವಾರ ಹಾಗೆ ತುಂಬುತ್ತಿದ್ದಾಗ ಪಕ್ಕದ ರ‍್ಯಾಂಚಿನ ರಸ್ಕ್ ಫೋನ್ ಮಾಡಿ, ನಿನ್ನ ಹೋರಿ ನನ್ನ ಬೇಲಿ ಮುರಿದಿದೆ ಅಂದ. ಫೋನನ್ನು ಹೆಗಲಿಗೆ ಒತ್ತಿಕೊಂಡು ಅವನ ಜನ್ಮ ಜಾಲಾಡುತ್ತಲೇ ಕೆಲಸ ಮುಂದುವರಿಸಿದೆ. ಖಾಲಿ ಚಿಪ್ಪಿಗೆ ಬಿಲ್ಲೆ ಒತ್ತಿದರೆ ಒತ್ತುಯಂತ್ರದ ಹಿಡಿ ಸಲೀಸಾಗಿ ಇಳಿಯುತ್ತದೆ, ಕೈಗೆ ತಿಳಿಯಬೇಕು. ಸಿಟ್ಟಿನ ಕೈಗೆ ಏನು ತಿಳಿಯುತ್ತದೆ?

ಆ ಐವತ್ತು ತೋಟಾ ನನ್ನವಲ್ಲ, ತಂಗಿ ವೆಲ್ಡಾಗೆ ತುಂಬಿಕೊಟ್ಟವು. ಗಂಡ ಕ್ಲೇಟನ್ ಸತ್ತ ಮೇಲೆ ಎರಡು ವರ್ಷ ಅವನ ಕೋವಿಯನ್ನು ಮುಟ್ಟದವಳು ಇವತ್ತು ಗುಂಡು ಹೊಡೆಯುವ ಪಂದ್ಯಕ್ಕೆ ತಂದಿದ್ದಳು. ನೂರನಲವತ್ತು ವರ್ಷದ ನಳಿಗೆ. ಮದ್ದಿಲ್ಲದ ತೋಟಾದಲ್ಲಿ ಬುಡದ ಕೇಪು ಮಾತ್ರ ಸಿಡಿದರೆ ಗುಂಡು ನಳಿಗೆಯೊಳಗೆ ಒಂದು ಗೇಣು ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ. ಕೆಟ್ಟ ಘಳಿಗೆಯಾದರೆ ಸೀಳುತ್ತದೆ, ಕೆನ್ನೆಯ ಪಕ್ಕದಲ್ಲೇ.

ಯಾವ ತೋಟಾ ಅಂತ ಅಲ್ಲಾಡಿಸಿ ನೋಡಿದರೆ ಗೊತ್ತಾಗದು. ಒತ್ತಿದ ಮದ್ದೂ ಸದ್ದು ಮಾಡುವುದಿಲ್ಲ, ಇಲ್ಲದ ಮದ್ದೂ ಮಾಡುವುದಿಲ್ಲ. ತೂಗಬೇಕು. ಅಡುಗೆ ಬಂಡಿಯ ಬರ್ನಿಸ್ ಹತ್ತಿರ ತಕ್ಕಡಿ ಇತ್ತು. ಹೋದೆ.

"ಏನ್ ಆರ್ಲೊ, ಮುಖ ಸುಟ್ಟ ರೊಟ್ಟಿ ಥರ ಆಗಿದೆ? ಏನ್ ಬೇಕು?"

"ಕಾಫಿ," ಅಂದೆ.

ತಕ್ಕಡಿ ಯಾಕೆ ಎಂದು ಅವಳು ಕೇಳದೆ ಬಿಡುವವಳಲ್ಲ, ಕೇಳಿದ ಮೇಲೆ ಊರಿಗೆ ಹೇಳದೆ ಇರುವವಳೂ ಅಲ್ಲ. ಕೆಟ್ಟ ತೋಟಾ ತಂದವರು ಆ ದಿನ ಗುಂಡು ಹೊಡೆಯುವ ಸಾಲು ಬಿಟ್ಟು ಏಳಬೇಕು, ಯಾರ ಮುಲಾಜೂ ಇಲ್ಲ ಎಂದು ಕ್ಲಬ್ಬಿನ ಸಭೆಯಲ್ಲಿ ಮೇಜು ಗುದ್ದಿ ನಿಯಮ ಮಾಡಿಸಿದವನು ನಾನೇ. ಹೇಳಿದರೆ ಏಳಬೇಕಾದವಳು ವೆಲ್ಡಾ. ಅವಳ ಪಕ್ಕ ದುರ್ಬೀನು ಹಿಡಿದು ಗಾಳಿ ಹೇಳುವವನು ನಾನೇ ತಾನೆ, ಕೋವಿ 'ಟಪ್' ಅಂದರೆ ಆಗಲೇ ತಡೆದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುರಿಗೆಂದು ನಿಲ್ಲಿಸಿದ ಕಬ್ಬಿಣದ ಕೋಳಿಗಳ ಸುತ್ತು ಮುಗಿಯಿತು. ಹತ್ತರಲ್ಲಿ ಏಳು ಬಿದ್ದವು. ಹಂದಿಗಳಲ್ಲಿ ಆರು. ಒಂದೊಂದು ಸಲ ಅವಳು ಕೋವಿಯ ಕುದುರೆ ಎಳೆದಾಗಲೂ ದುರ್ಬೀನು ಬಿಟ್ಟು ನಳಿಗೆಯ ಮೂತಿಯನ್ನೇ ನೋಡುತ್ತಿದ್ದೆ. ಬಿಳಿ ಹೊಗೆ ಬುಸ್ಸೆಂದು ಎದ್ದ ಮೇಲೆಯೇ ಮತ್ತೆ ದುರ್ಬೀನಿಗೆ ಕಣ್ಣು.

"ಗಾಳಿ ಹೇಳೋ ಮಾರಾಯ! ನಿದ್ದೆ ಮಾಡ್ತಿದೀಯಾ?"

"ಎಡದಿಂದ. ಗುರಿಕಣ್ಣು ಎರಡು ಗೆರೆ ಸರಿಸು."

"ಯಾಕಣ್ಣ ಹಿಂಗೆ ಒದ್ದಾಡ್ತೀಯ? ಚಾಪೆ ಕೆಳಗೆ ಇರುವೆ ಗೂಡಿದೆಯಾ?"

"ಸುಮ್ನೆ ಹೊಡಿ."

ಅವಳು ನಕ್ಕಳು. ಎರಡು ವರ್ಷದಿಂದ ಅವಳು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಟರ್ಕಿ ಕೋಳಿಗಳಲ್ಲಿ ಎಂಟು ಬಿದ್ದಾಗ ಪಕ್ಕದವರೂ ತಿರುಗಿ ನೋಡಿದರು. ಆಗಲೇ ಹೇಳಬೇಕಿತ್ತು. ಆದರೆ ಈಗ ಹೇಳಿದರೆ ಇಪ್ಪತ್ತೊಂದೂ ಮಣ್ಣುಪಾಲು. ಬಾಯಿಗೆ ಬಂದದ್ದನ್ನು ಹೊಗೆಸೊಪ್ಪಿನ ಜೊತೆ ನುಂಗಿದೆ.

ಕೊನೆಯದು ಐನೂರು ಮೀಟರಿನ ಟಗರುಗಳು. ಗುರಿ ನೋಡಿಕೊಳ್ಳಲು ಹಾರಿಸಿದವೂ ಸೇರಿ ಅಷ್ಟರಲ್ಲಿ ಮೂವತ್ತೇಳು ಮುಗಿದು, ಪೆಟ್ಟಿಗೆಯಲ್ಲಿ ಉಳಿದದ್ದು ಹದಿಮೂರು ತೋಟಾ, ಮದ್ದಿಲ್ಲದ್ದೂ ಅವುಗಳಲ್ಲೇ ಇತ್ತು. ಬಿಸಿಲು ನೆತ್ತಿಗೆ ಬಂದು ಗಾಳಿ ಹುಚ್ಚೆದ್ದಿತ್ತು. ಬಾವುಟ ಒಂದು ಕಡೆ, ಹುಲ್ಲು ಇನ್ನೊಂದು ಕಡೆ. ಹೊಡೆದ ಮೇಲೆ ಪ್ರತಿ ಸಲವೂ ವೆಲ್ಡಾ ಊದುಗೊಳವೆ ಹಚ್ಚಿ ನಳಿಗೆಯೊಳಗೆ ಮೂರು ಉಸಿರು ಊದುತ್ತಿದ್ದಳು. ಬಿಸಿಲಿಗೆ ಒಳಗಿನ ಮಸಿ ಗಟ್ಟಿಯಾಗದಂತೆ ಹಸಿ ಮಾಡುವ ಉಸಿರು ಅದು. ಇತ್ತ ಊದಿದ್ದು ಅತ್ತ ಮೂತಿಯಿಂದ ತೆಳ್ಳಗೆ ಹೊಗೆಯಾಗಿ ಬರುತ್ತಿತ್ತು. ಒಂದು ಟಗರು ಬಿತ್ತು. ಎರಡು. ಕಬ್ಬಿಣದ ಠಣತ್ಕಾರ ತಡವಾಗಿ ಬಂದು ಕಿವಿಗೆ ತಾಕುತ್ತಿತ್ತು.

ಮೂರನೆಯದಕ್ಕೆ ಬರೀ 'ಟಪ್'.

ಹೊಗೆ ಇಲ್ಲ. ಒದೆತ ಇಲ್ಲ.

"ಥೂ, ಸತ್ತ ಕೇಪು!" ಅಂದಳು. ಕಣ್ಣು ಬಾವುಟದ ಮೇಲೇ ಇತ್ತು. ಕೋವಿ ತೆರೆಯುವ ಸನ್ನೆ ಕೆಳಗೆಳೆದು ಚಿಪ್ಪನ್ನು ಕಿತ್ತು ಪಕ್ಕಕ್ಕೆಸೆದಳು. ಅದು ನನ್ನ ಮೊಣಕೈ ಹತ್ತಿರ ಬಂದು ಬಿತ್ತು. ಅದರ ಬಾಯಲ್ಲಿ ಗುಂಡಿರಲಿಲ್ಲ.

"ವೆಲ್ಡಾ, ಊದು," ಅಂದೆ. ನಿಲ್ಲು ಅನ್ನಬೇಕಾದ ಬಾಯಿ ಊದು ಅಂದಿತು. ಉಸಿರು ಅತ್ತ ಹೋಗದಿದ್ದರೆ ಅವಳಿಗೇ ಗೊತ್ತಾಗಲಿ, ನಾನು ಹೇಳಿದ ಹಾಗಾಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ಹಾರೇ ಇಲ್ವಲ್ಲ, ಊದೋದೇನು? ಇನ್ನೊಂದೂವರೆ ನಿಮಿಷ ಇದೆ, ತಲೆ ತಿನ್ಬೇಡ." ಮುಂದಿನ ತೋಟಾ ನಳಿಗೆಯ ಹಿಂಬಾಯಿಗೆ ಬಂದಿತ್ತು.

ಕೈ ಹಾಕಿದೆ. ಅವಳು ಅದೇ ವೇಗದಲ್ಲಿ ಸನ್ನೆ ಮೇಲೆಳೆದಳು. ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು ಮೇಲೆ ಬಂದು ನನ್ನ ತೋರುಬೆರಳಿನ ಉಗುರನ್ನು ಕಚ್ಚಿತು. ನಾನು ಕೂಗಿದ್ದಕ್ಕೆ ಸಾಲಿಗೆ ಸಾಲೇ ನಿಂತುಹೋಯಿತು.

"ಹುಚ್ಚು ಹಿಡಿದಿದೆಯಾ ನಿಂಗೆ?"

"ಒಳಗೆ ಗುಂಡಿದೆ."

ಅವಳು ಎಸೆದ ಚಿಪ್ಪನ್ನು ಎತ್ತಿ ಮೂಸಿದಳು. ಮಸಿ ವಾಸನೆ ಇರಲಿಲ್ಲ. ಕೋವಿಯನ್ನು ತೆರೆದು ಹೊಸ ತೋಟಾ ಹೊರತೆಗೆದು, ಮೂತಿಯಿಂದ ಕಡ್ಡಿ ಇಳಿಸಿ, ಅಂಗೈಯಿಂದ ಗುದ್ದಿದಳು. ನಾಲ್ಕನೇ ಗುದ್ದಿಗೆ ಸೀಸದ ಗುಂಡು ಚಾಪೆಯ ಮೇಲೆ ಉದುರಿತು. ನನ್ನ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ.

"ಯಾವಾಗ ಗೊತ್ತಾಯ್ತು?"

ಈಗ ತಾನೇ ಎನ್ನಬಹುದಿತ್ತು. ನಂಬುತ್ತಿದ್ದಳು ಕೂಡ.

"ಬೆಳಿಗ್ಗೆ. ಕಾಫಿಗೆ ಮುಂಚೆ."

"ಮೂವತ್ತೊಂಬತ್ತು ಸಲ ನನ್ನ ಪಕ್ಕ ಕೂತಿದ್ದೆಯಲ್ಲ ಆರ್ಲೊ."

ಅಣ್ಣ ಅನ್ನಲಿಲ್ಲ. ಬಯ್ಯಲೂ ಇಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಗೊತ್ತಿರುವ ದಾರಿ ಅದೊಂದೇ. ಅವಳು ಚಾಪೆ ಸುತ್ತಿದಳು.

"ನಿಲ್ಲು, ನಾನು ಮಾತಾಡ್ತೀನಿ. ತಪ್ಪು ನಂದು, ನಿಯಮಾನೂ ನಂದು..."

"ಬಾಯ್ಮುಚ್ಚು. ನಿಯಮ ಸರಿಯಾಗೇ ಇದೆ."

ಕ್ಲೇಟನ್ನನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ಕೂಸಿನ ಹಾಗೆ ತೋಳಿನಲ್ಲಿಟ್ಟುಕೊಂಡು, ಅಷ್ಟು ಜನರ ಎದುರು ನೆಟ್ಟಗೆ ನಡೆದುಹೋದಳು. ಸ್ವಲ್ಪ ಹೊತ್ತಿಗೆ ಅವಳ ಪಿಕಪ್ ಧೂಳೆಬ್ಬಿಸಿಕೊಂಡು ಡಾಂಬರು ರಸ್ತೆ ಹತ್ತಿತು. ಬೆಳಿಗ್ಗೆ ನಾನು ಬಂದದ್ದೂ ಅದರಲ್ಲೇ.

ಮನೆಗೆ ಅರವತ್ತು ಮೈಲಿ. ಬೆರಳಿಗೆ ಎಣ್ಣೆಬಟ್ಟೆ ಸುತ್ತಿಕೊಂಡು ಬಂಡಿಗಳ ಸಾಲಿನಲ್ಲಿ ಆ ತುದಿಯಿಂದ ಈ ತುದಿಗೆ ಮೂರು ಸಲ ಓಡಾಡಿದೆ. ಕೊನೆಗೆ ನಮ್ಮ ಕಡೆಗೇ ಹೋಗುವ ಮುದುಕನೊಬ್ಬನ ಕಿಟಕಿ ತಟ್ಟಿದೆ.

"ಹತ್ತು, ಅದಕ್ಕೇನಂತೆ," ಅಂದ. "ತಂಗಿ ಯಾಕೆ ಬಿಟ್ಟು ಹೋದ್ಲು?"

ಬಾಗಿಲು ಹಿಡಿದುಕೊಂಡು ನಿಂತೇ ಹೇಳಿದೆ, ಗುರುವಾರದಿಂದ. ಅವನು ಎಂಜಿನ್ ಆರಿಸಿ ಪೂರ್ತಿ ಕೇಳಿದ. ಕೇಳಿ ಮುಗಿದ ಮೇಲೆ ಪಕ್ಕದ ಸೀಟಿನಲ್ಲಿದ್ದ ತನ್ನ ತೋಟಾ ಪೆಟ್ಟಿಗೆಯನ್ನು ನನ್ನ ಕೈಗೆ ಸಿಗದಷ್ಟು ಹಿಂದಕ್ಕೆ ಸರಿಸಿಟ್ಟು, ಆಮೇಲೆ ಎಂಜಿನ್ ಹಚ್ಚಿದ.