ಬಾಗಿಲ ಮರೆಯ ಸಾಕ್ಷಿ

ಕೊಳ್ಳೇಗಾಲದ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರ್ತಿ. ಬೆಳಗ್ಗೆ ಯಳಂದೂರಿನಲ್ಲಿ ಮಕ್ಕಳಿಬ್ಬರ ಡಬ್ಬಿ ಕಟ್ಟಿ, ಬಸ್ಸಿನಲ್ಲಿ ನಿಂತೇ ಬಂದು, ಹನ್ನೊಂದಕ್ಕೆ ಸಾಕ್ಷಿಗಳ ಮಾತು ಟೈಪು ಮಾಡಲು ಕೂರುತ್ತೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಹೇಳಿಕೆ ಮರೆತುಹೋಗಿವೆ. ಚಿಕ್ಕನಿಂಗಮ್ಮನದು ಮರೆಯಲಿಲ್ಲ. ಎರಡು ಸಲವೂ ನಾನು ಟೈಪು ಮಾಡಿದ್ದು ಒಂದೇ ಸಾಲು: "ಸಾಕ್ಷಿ ಉತ್ತರ ಕೊಡಲಿಲ್ಲ."

ಆಕೆ ಗೋಪಿನಾಥಂ ಎಂಬ ಊರಿನ ವಿಧವೆ. ಗಂಡನ ಪಾಲಿಗೆ ಬಂದ ಎರಡೆಕರೆ ಹೊಲದಲ್ಲೇ ಬದುಕು. ಗಂಡ ಸತ್ತ ಮೇಲೆ ಭಾವ ಕೆಂಚಯ್ಯ "ಪಾಲೇ ಆಗಿಲ್ಲ, ಹೊಲ ನಂದು" ಅಂದ. ಕಾಗದವಿಲ್ಲ. ಕೆಂಚಯ್ಯನನ್ನು ಬಿಟ್ಟರೆ, ಪಾಲಾದದ್ದನ್ನು ಕಂಡವರಲ್ಲಿ ಉಳಿದವಳು ಇವಳೊಬ್ಬಳೇ. ಆದರೂ ಕಟಕಟೆಗೆ ಬಂದರೆ ಸೆರಗು ಎಳೆದುಕೊಂಡು, ತಲೆ ಬಗ್ಗಿಸಿ ನಿಂತುಬಿಡುತ್ತಿದ್ದಳು.

ಮೂರನೇ ಸಲ ಮಂಡಿನೋವೆಂದು ಡಾಕ್ಟರ ಚೀಟಿ ಬಂತು. ಅವಳ ವಕೀಲ ಗುರುಪ್ರಕಾಶ್ ವಿಡಿಯೋದಲ್ಲಿ ಸಾಕ್ಷಿ ಹೇಳಿಸಲು ಅನುಮತಿ ಕೇಳಿದರು. ಜಡ್ಜ್ ಸಾಹೇಬರು, "ಇದೇ ಕಡೇ ಅವಕಾಶ. ಇವತ್ತೂ ಮಾತಾಡದಿದ್ದರೆ ಸಾಕ್ಷ್ಯ ಮುಗಿಯಿತು ಅಂತ ಬರೆಸ್ತೀನಿ" ಅಂದರು.

ಗೋಡೆಯ ಪರದೆಯಲ್ಲಿ ಅವಳ ಊರಿನ ಪಂಚಾಯಿತಿ ಆಫೀಸು ಮೂಡಿತು. ಚಿಕ್ಕನಿಂಗಮ್ಮ ಕುರ್ಚಿಯಲ್ಲಿದ್ದಳು. ಅತ್ತ ಕಡೆಯ ಪರದೆಯಲ್ಲಿ ನಮ್ಮ ಕೋರ್ಟು ಕಂಡಿದ್ದೇ ತಡ, ಮೇಜು ಹಿಡಿದು ಎದ್ದು, ಮುಖ ಗೋಡೆಗೆ ತಿರುಗಿಸಿದಳು.

"ಕೂತ್ಕೊಳಮ್ಮ" ಅಂದರು ಸಾಹೇಬರು.

ಕೂರಲಿಲ್ಲ.

ಕೆಂಚಯ್ಯನ ವಕೀಲ ರಂಗನಾಯಕ ಎದ್ದರು. "ಸ್ವಾಮಿ, ನಿಲ್ಲೋಕೆ ಆಗೋ ಮಂಡಿಗೆ ಬಸ್ಸು ಹತ್ತೋಕೆ ಆಗಲ್ವಂತೆ! ಆ ಗೋಡೆ ಹತ್ರ ಯಾರೋ ಹೇಳ್ಕೊಡ್ತಾ ಇದ್ದಾರೆ, ನೋಡಿ."

ಜೊತೆಗಿದ್ದ ಪಂಚಾಯಿತಿ ಕಾರ್ಯದರ್ಶಿ ಪವಿತ್ರಾಗೆ ಸಾಹೇಬರು, "ಕ್ಯಾಮೆರಾ ಸುತ್ತ ತಿರುಗಿಸಮ್ಮ" ಅಂದರು. ಬೀರು, ನೀರಿನ ಕ್ಯಾನು, ಹೊಸಿಲಾಚೆ ಒಂದು ಜೊತೆ ಹವಾಯಿ ಚಪ್ಪಲಿ. ಬೇರೆ ಯಾರೂ ಇಲ್ಲ.

"ಮತ್ತೆ ಯಾಕಮ್ಮಾ ಆ ಕಡೆ ನೋಡ್ತೀಯ?"

ಸೆರಗಿನೊಳಗಿಂದ ಸಣ್ಣ ದನಿ: "ಭಾವನೋರು ಕುಂತವ್ರಲ್ಲ ಸಾ, ಅವ್ರ ಮುಂದ್ಗಡೆ ನಾನೆಂಗ್ ಕುಂತ್ಕಳ್ಳಿ? ಮನೇಲೂ ಬಾಗ್ಲ ಮರೇಲಿ ನಿಂತೇ ಮಾತಾಡದು."

ನನ್ನ ಬೆರಳು ಕೀಲಿಮಣೆ ಮೇಲೇ ನಿಂತವು. ಯಳಂದೂರಿನ ನಮ್ಮ ಮನೆಯಲ್ಲೂ ಅತ್ತೆ ಹಾಗೇ, ತಮ್ಮ ಭಾವನ ದನಿ ಕೇಳಿದರೆ ಎದ್ದು ಒಳಗೆ ಹೋಗುತ್ತಾರೆ. ದಿನಾ ನೋಡುವ ನನಗೇ ಇದು ಹೊಳೆಯಲಿಲ್ಲವಲ್ಲ! ಎರಡು ಸಲ ಆ ಸಾಲು ಬರೆದೆನಲ್ಲ!

ಸಾಹೇಬರು ಕಂಪ್ಯೂಟರಿನ ಸಿಬ್ಬಂದಿಗೆ ಹೇಳಿ ಹಾಲ್‌ನ ಕ್ಯಾಮೆರಾ ಮುಚ್ಚಿಸಿದರು. ಅತ್ತ ಕಡೆ ಈಗ ಸಾಹೇಬರ ಮೇಜಿನ ಕ್ಯಾಮೆರಾದ ಚಿತ್ರ, ಅವರ ಮುಖ ಮಾತ್ರ.

"ಆಕ್ಷೇಪಣೆ ಇದೆ, ಸ್ವಾಮಿ!"

"ನಿಮ್ಮ ಕಕ್ಷಿದಾರರಿಗೆ ಅವಳು ಕಾಣ್ತಾಳೆ, ಮಾತು ಕೇಳುತ್ತೆ. ಇನ್ನೇನ್ರಿ ಬೇಕು? ನೋಡಮ್ಮ, ಅವರು ಇಲ್ಲೇ ಇದ್ದಾರೆ, ನಿನಗೆ ಕಾಣಲ್ಲ ಅಷ್ಟೇ."

"ಕಾಣ್ದಿದ್ರೆ ಸರಿ ಸಾ. ಕೇಳುಸ್ಕಂಡ್ರೆ ಕೇಳುಸ್ಕಳ್ಳಿ." ಚಿಕ್ಕನಿಂಗಮ್ಮ ಕೂತಳು. ಮಂಡಿ ನೀವಿಕೊಂಡು, ಸೆರಗು ಹಿಂದಕ್ಕೆ ಸರಿಸಿದಳು.

ಒಂದು ಗುಂಡಿ ಒತ್ತಿದ್ದಷ್ಟೇ. ಎಷ್ಟು ಸಲ ಬಸ್ಸು ಹತ್ತಿಸಿದ್ದರೂ ನಮ್ಮ ಕೋರ್ಟು ಅವಳಿಗೊಂದು ಬಾಗಿಲ ಮರೆ ಕೊಡುತ್ತಿರಲಿಲ್ಲ. ಈ ಯಂತ್ರ ಕೊಟ್ಟಿತು.

ಗುರುಪ್ರಕಾಶ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆಮೇಲೆ ರಂಗನಾಯಕರ ಪಾಟೀಸವಾಲು ಶುರುವಾಯಿತು. "ಪಾಲಿನ ಎಲ್ಲೆ ಕಲ್ಲು ನೆಟ್ರು ಅಂತೀಯಲ್ಲ, ಅದನ್ನ ನೀನು ಕಂಡೇ ಇಲ್ಲ ಅಂದ್ರೆ ಸರೀನಾ?"

"ಕಾಣದೇನ್ ಬಂತು ಸಾ? ಕಲ್ಲ ಹೊತ್ಕಂಡ್ ಓಗಿದ್ದೇ ನಾನು. ಹಿರೇಮಗ ಕಂಕುಳಲ್ಲಿ, ಕಲ್ಲು ತಲೆ ಮ್ಯಾಲೆ. ಬಸುರಿ ಬೇರೆ. 'ಲೇ, ಅವ್ಳ ಕೈಲಿ ಹೊರ್ಸಿದ್ದೀಯಲ್ಲಾ' ಅಂತ ತಮ್ಮನ್ನ ಬೈದು, ಭಾವನೋರೇ ಇಳಿಸ್ಕಂಡ್ರು. ಅವ್ರೇ ನೆಟ್ರು. ಅವತ್ತು ಒಳ್ಳೇರೇ ಇದ್ರು."

ಹಿಂದಿನ ಬೆಂಚಿನಿಂದ ಕೆಂಚಯ್ಯ, "ಬಸುರಿ ಅಂತ ನಂಗೇನ್ ಗೊತ್ತಿತ್ತು? ಗೊತ್ತಿದ್ರೆ ನಾನೇ ಹೊತ್ಕತಿದ್ದೆ" ಅಂದುಬಿಟ್ಟ.

ರಂಗನಾಯಕ ಕಣ್ಣು ಮುಚ್ಚಿಕೊಂಡರು. ಸಾಹೇಬರು ನನ್ನ ಕಡೆ ತಿರುಗಿ, "ಅದನ್ನೂ ಬರ್ಕೊಳ್ಳಿ ರತ್ನಾ" ಅಂದರು.

ಮೂರು ಪುಟ ಆಯಿತು. ಕೊನೆಗೆ ಪರದೆಯೊಳಗಿಂದ ಚಿಕ್ಕನಿಂಗಮ್ಮ ಕೇಳಿದಳು: "ಸಾ, ಭಾವನೋರು ಒಂಟೋದ್ರಾ? ಅವ್ರಿಗಿಂತ ಮುಂಚೆ ನಾನೆಂಗ್ ಎದ್ದೋಗ್ಲಿ?"